ನೂರಕ್ಕೆ ಐವತ್ತಾರು ಜನ ಹೌದು ಅಂದರೂ ಗಾಂಜಾ ಸೋತಿದ್ದು ಹೇಗೆ?

2024ರ ನವೆಂಬರ್ 5ರ ರಾತ್ರಿ ಫ್ಲೋರಿಡಾದಲ್ಲಿ ಮತ ಎಣಿಕೆ ನಡೆಯುತ್ತಿತ್ತು. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಡೊನಾಲ್ಡ್ ಟ್ರಂಪ್ ಅವರಿಗೆ ಆ ರಾಜ್ಯದಲ್ಲಿ ಶೇ. 56.1 ಮತ ಬಂತು. ಅದೇ ಮತಪತ್ರದಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು: 21 ವರ್ಷ ತುಂಬಿದವರು ಗಾಂಜಾ ಬಳಸಲು ಕಾನೂನಿನ ಒಪ್ಪಿಗೆ ಇರಬೇಕೇ? ಅದಕ್ಕೆ ಹೌದು ಅಂದವರು ಶೇ. 55.9. ಎರಡರ ನಡುವೆ ಕೂದಲೆಳೆಯಷ್ಟು ಅಂತರ. ಟ್ರಂಪ್ ಅವರದು ದೊಡ್ಡ ಗೆಲುವು ಅನಿಸಿಕೊಂಡಿತು. ಗಾಂಜಾ ಸೋತಿತು.

ಸೋತಿದ್ದಕ್ಕೆ ಮೇಲ್ನೋಟದ ಕಾರಣ ಸರಳ. ಫ್ಲೋರಿಡಾದ ಸಂವಿಧಾನಕ್ಕೆ ತಿದ್ದುಪಡಿ ತರಬೇಕಾದರೆ ಅರ್ಧಕ್ಕಿಂತ ಒಂದು ಮತ ಜಾಸ್ತಿ ಬಂದರೆ ಸಾಲದು, ನೂರಕ್ಕೆ ಅರವತ್ತು ಬರಬೇಕು. 59 ಲಕ್ಷಕ್ಕೂ ಹೆಚ್ಚು ಜನ 'ಹೌದು' ಪಕ್ಕದ ಪುಟ್ಟ ಗುಂಡನ್ನು ಪೆನ್ನಿನಿಂದ ತುಂಬಿ ಬಂದರೂ ಕಾನೂನು ಇದ್ದ ಹಾಗೇ ಉಳಿಯಿತು. ಈ ಅರವತ್ತರ ನಿಯಮ ಬಂದಿದ್ದು 2006ರಲ್ಲಿ, ಅದೂ ಜನರ ಮತದಿಂದಲೇ. ಆಗ ಅದಕ್ಕೆ ಸಿಕ್ಕಿದ್ದು ಶೇ. 57.8. ಆ ನಿಯಮವನ್ನು ಅದಕ್ಕೇ ಹಚ್ಚಿದ್ದರೆ ಅದು ಪಾಸೇ ಆಗುತ್ತಿರಲಿಲ್ಲ. ನನಗೆ ಇದು ಅನ್ಯಾಯ ಅನಿಸುತ್ತದೆ. ಆದರೆ ಅನ್ಯಾಯ ಅಂತ ಹೇಳಿ ಮುಗಿಸಿದರೆ ಈ ಕಥೆಯ ಮುಖ್ಯ ಭಾಗವೇ ತಪ್ಪಿಹೋಗುತ್ತದೆ.

ಅಮೆರಿಕದ ಗಾಂಜಾ ಕಾನೂನಿನ ಬಗ್ಗೆ ಸುದ್ದಿ ಬಂದಾಗಲೆಲ್ಲ ಒಂದು ಸಾಲು ಇದ್ದೇ ಇರುತ್ತದೆ: ಹತ್ತರಲ್ಲಿ ಏಳು ಜನ ಬೆಂಬಲಿಸುತ್ತಾರೆ, ರಾಜಕಾರಣಿಗಳು ಮಾತ್ರ ಕಿವಿ ಮುಚ್ಚಿಕೊಂಡಿದ್ದಾರೆ. ನಾನೂ ತುಂಬಾ ದಿನ ಹಾಗೇ ಅಂದುಕೊಂಡಿದ್ದೆ. ಈಗ ಹಾಗನಿಸುವುದಿಲ್ಲ. ಅವರು ಸಮೀಕ್ಷೆಯನ್ನು ನಮಗಿಂತ ಗಮನ ಇಟ್ಟು ಓದುತ್ತಾರೆ. ಎಷ್ಟು ಜನ ಹೌದು ಅಂದರು ಎಂದು ನಾವು ನೋಡುತ್ತೇವೆ. ಈ ಒಂದು ವಿಷಯಕ್ಕಾಗಿ ತಮ್ಮ ಪಕ್ಷವನ್ನು ಬಿಟ್ಟು ಆಚೆ ಕಡೆ ಮತ ಹಾಕುವವರು ಎಷ್ಟು ಜನ ಎಂದು ಅವರು ನೋಡುತ್ತಾರೆ. ಆ ಎರಡನೇ ಸಂಖ್ಯೆ ತೀರಾ ಚಿಕ್ಕದು.

ಮೊದಲು ಆ 'ಹತ್ತರಲ್ಲಿ ಏಳು' ಎಲ್ಲಿಂದ ಬಂತು ನೋಡೋಣ. ಗ್ಯಾಲಪ್ ಸಂಸ್ಥೆ 1969ರಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದೆ: ಗಾಂಜಾ ಬಳಕೆಯನ್ನು ಕಾನೂನುಬದ್ಧ ಮಾಡಬೇಕು ಅನ್ನುತ್ತೀರಾ, ಬೇಡ ಅನ್ನುತ್ತೀರಾ? ಮೊದಲ ಸಲ ಕೇಳಿದಾಗ ಬೇಕು ಅಂದವರು ಶೇ. 12 ಮಾತ್ರ. 2000ದಲ್ಲಿ 31. 2011ರಲ್ಲಿ 50. 2023ರಲ್ಲಿ 70. ಅರ್ಧ ಶತಮಾನದಲ್ಲಿ ಒಂದು ದೇಶ ಹೀಗೆ ಮನಸ್ಸು ಬದಲಾಯಿಸಿದ್ದು ಬಲು ಅಪರೂಪ.

ಆದರೆ ಆ ಪ್ರಶ್ನೆಯಲ್ಲಿ ಇರುವುದು ಎರಡೇ ಬಾಗಿಲು. ಪ್ಯೂ ಸಂಶೋಧನಾ ಕೇಂದ್ರ ಮೂರು ಬಾಗಿಲು ಇಡುತ್ತದೆ: ಔಷಧಕ್ಕೂ ಖುಷಿಗೂ ಎರಡಕ್ಕೂ ಇರಲಿ, ಔಷಧಕ್ಕೆ ಮಾತ್ರ ಇರಲಿ, ಯಾವುದಕ್ಕೂ ಬೇಡ. 2024ರ ಜನವರಿಯಲ್ಲಿ ಕೇಳಿದಾಗ ಎರಡಕ್ಕೂ ಇರಲಿ ಅಂದವರು ಶೇ. 57, ಔಷಧಕ್ಕೆ ಮಾತ್ರ ಅಂದವರು 32, ಬೇಡವೇ ಬೇಡ ಅಂದವರು 11. ನೋಡಿ, ಅದೇ ದೇಶ, ಹೆಚ್ಚುಕಡಿಮೆ ಅದೇ ಸಮಯ. ಒಂದು ಕಡೆ 70, ಇನ್ನೊಂದು ಕಡೆ 57. ಯಾರೂ ಸುಳ್ಳು ಹೇಳುತ್ತಿಲ್ಲ, ಕೇಳಿದ ರೀತಿ ಬೇರೆ ಅಷ್ಟೇ.

ಒಬ್ಬ ನಿವೃತ್ತ ಮೇಷ್ಟ್ರಮ್ಮನನ್ನು ಕಲ್ಪಿಸಿಕೊಳ್ಳಿ. ಊರು ಫ್ಲೋರಿಡಾದ ಜಾಕ್ಸನ್‌ವಿಲ್. ತಂಗಿಗೆ ಕ್ಯಾನ್ಸರ್, ಕೀಮೋ ಕೊಡಿಸುತ್ತಿದ್ದಾರೆ, ಹೊಟ್ಟೆಯಲ್ಲಿ ಒಂದು ತುತ್ತು ನಿಲ್ಲುತ್ತಿಲ್ಲ. ಡಾಕ್ಟರು ಬರೆದುಕೊಟ್ಟ ಗಾಂಜಾ ಮಾತ್ರೆಯಿಂದ ಅವಳು ಮೂರು ದಿನಕ್ಕೊಮ್ಮೆಯಾದರೂ ಊಟ ಮಾಡುತ್ತಿದ್ದಾಳೆ. ಗ್ಯಾಲಪ್‌ನವರು ಫೋನ್ ಮಾಡಿ ಕಾನೂನುಬದ್ಧ ಮಾಡಬೇಕಾ ಅಂತ ಕೇಳಿದರೆ ಈಕೆ ತಂಗಿಯ ಮುಖ ನೆನೆದು ಹೌದು ಅನ್ನುತ್ತಾರೆ. ಪ್ಯೂನವರು ಕೇಳಿದರೆ ಔಷಧಕ್ಕೆ ಮಾತ್ರ ಅನ್ನುತ್ತಾರೆ. ಮೊಮ್ಮಗನ ಸ್ಕೂಲಿನ ಪಕ್ಕದ ಬೀದಿಯಲ್ಲಿ ಅಂಗಡಿ ತೆಗೆಯುತ್ತಾರಂತೆ ಎಂದು ಟಿವಿಯಲ್ಲಿ ಎರಡು ತಿಂಗಳು ಜಾಹೀರಾತು ನೋಡಿದ ಮೇಲೆ ಮತಗಟ್ಟೆಗೆ ಹೋದರೆ 'ಇಲ್ಲ'ಕ್ಕೆ ಗುರುತು ಹಾಕುತ್ತಾರೆ. ಮೂರೂ ಸಲ ಆಕೆ ನಿಜವನ್ನೇ ಹೇಳಿದ್ದಾರೆ. ಆಕೆಯ ಮನಸ್ಸು ಬದಲಾಗಿಲ್ಲ, ಎದುರಿಗಿದ್ದ ಪ್ರಶ್ನೆ ಬದಲಾಗಿದೆ.

ಫ್ಲೋರಿಡಾದ ಲೆಕ್ಕವೂ ಹಾಗೇ ಇದೆ. 2016ರಲ್ಲಿ ಅಲ್ಲಿ ಔಷಧದ ಗಾಂಜಾ ಮತಕ್ಕೆ ಬಂದಾಗ ಶೇ. 71.3 ಜನ ಒಪ್ಪಿದರು. ಎಂಟು ವರ್ಷ ಆದಮೇಲೆ ಎಲ್ಲ ವಯಸ್ಕರಿಗೂ ಅಂದಾಗ ಶೇ. 55.9ಕ್ಕೆ ಇಳಿಯಿತು. 2024ರ ಅದೇ ದಿನ ನೆಬ್ರಾಸ್ಕಾದಂಥ ಕಟ್ಟಾ ರಿಪಬ್ಲಿಕನ್ ರಾಜ್ಯದಲ್ಲಿ ಔಷಧದ ಗಾಂಜಾಕ್ಕೆ ಶೇ. 71 ಮತ ಬಿತ್ತು. ನಾರ್ತ್ ಡಕೋಟಾ ಮತ್ತು ಸೌತ್ ಡಕೋಟಾದಲ್ಲಿ ಖುಷಿಗೆ ಬಳಸುವ ಗಾಂಜಾ ಸೋತಿತು.

ಇನ್ನು ಫ್ಲೋರಿಡಾದ ಪ್ರಚಾರ. ಹೌದು ಅನ್ನುವ ಕಡೆ ಹಣದ ಹೊಳೆಯೇ ಹರಿಯಿತು. ಟ್ರೂಲೀವ್ ಎಂಬ ಔಷಧ ಗಾಂಜಾ ಮಾರುವ ಕಂಪನಿ ಒಂದೇ 14 ಕೋಟಿ ಡಾಲರ್‌ಗೂ ಹೆಚ್ಚು ಸುರಿಯಿತು. ಮತಪತ್ರದಲ್ಲಿ ಈ ಪ್ರಶ್ನೆ ಬರಬೇಕಾದರೆ 8,91,523 ಸಹಿ ಬೇಕಿತ್ತು, ಅದನ್ನೂ ಸೇರಿಸಿದರು. ಆದರೆ ಆ ತಿದ್ದುಪಡಿಯಲ್ಲಿ ಮನೆ ಹಿತ್ತಲಲ್ಲಿ ಗಿಡ ಬೆಳೆಸಲು ಅವಕಾಶ ಇರಲಿಲ್ಲ. ಹಾಗಾಗಿ ಗಾಂಜಾ ಬೇಕು ಅನ್ನುವವರಲ್ಲೇ ಕೆಲವರು ಇದು ಕಂಪನಿಗಳಿಗೆ ಮಾಡಿದ ಕಾನೂನು ಅಂದರು. ರಿಪಬ್ಲಿಕನ್ ಗವರ್ನರ್ ರಾನ್ ಡಿಸ್ಯಾಂಟಿಸ್ ಹಿಡಿದುಕೊಂಡಿದ್ದೂ ಇದನ್ನೇ, ಜೊತೆಗೆ ವಾಸನೆಯನ್ನು. ಊರೆಲ್ಲ ಗಾಂಜಾ ವಾಸನೆ ಹೊಡೆಯುತ್ತದೆ ಎಂದು ಸಭೆಯಿಂದ ಸಭೆಗೆ ಹೇಳಿದರು. ಅಂಕಿ ಅಂಶಗಳಿಗಿಂತ ಆ ಮಾತು ಜನಕ್ಕೆ ನಾಟಿತು ಅನಿಸುತ್ತದೆ. ಯಾಕೆಂದರೆ ವಾಸನೆ ಯಾರ ಮನೆ ಕಿಟಕಿಯನ್ನೂ ಕೇಳಿಕೊಂಡು ಒಳಗೆ ಬರುವುದಿಲ್ಲ, ಅಲ್ವಾ?

ಇಲ್ಲಿ ಒಂದು ವಿಷಯ ಗಮನಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ತಾವು ಫ್ಲೋರಿಡಾದ ತಿದ್ದುಪಡಿಗೆ ಹೌದು ಎಂದು ಮತ ಹಾಕುವುದಾಗಿ ಹೇಳಿದರು. ಅಕ್ಟೋಬರ್‌ನಲ್ಲಿ ಕಮಲಾ ಹ್ಯಾರಿಸ್ ಇಡೀ ದೇಶದಲ್ಲೇ ಕಾನೂನುಬದ್ಧ ಮಾಡುವ ಮಾತು ಕೊಟ್ಟರು. ಇಬ್ಬರೂ ಹೌದು ಅಂದಮೇಲೆ ಗಾಂಜಾ ಪರವಾದ ಮತದಾರ ಯಾರ ಕಡೆ ವಾಲಬೇಕು? ಯಾರ ಕಡೆಗೂ ವಾಲಬೇಕಾಗಿಲ್ಲ. ಎದುರಾಳಿಯ ಕೈಯಿಂದ ಒಂದು ಅಸ್ತ್ರ ಕಿತ್ತುಕೊಳ್ಳುವುದು ಹೀಗೆ. ಹ್ಯಾರಿಸ್ ಅವರಿಗೆ ಫ್ಲೋರಿಡಾದಲ್ಲಿ ಬಂದಿದ್ದು ಶೇ. 43. ಗಾಂಜಾಕ್ಕೆ ಬಂದಿದ್ದು ಸುಮಾರು 56. ಅಂದರೆ ನೂರಕ್ಕೆ ಕನಿಷ್ಠ ಹನ್ನೆರಡು ಹದಿಮೂರು ಜನ ಗಾಂಜಾಕ್ಕೆ ಹೌದು ಅಂದು, ಹ್ಯಾರಿಸ್ ಅವರಿಗೆ ಬೇಡ ಅಂದಿದ್ದಾರೆ. ಅವರಿಗೆ ಅದರಲ್ಲಿ ಗೊಂದಲವೇ ಇಲ್ಲ. ಗಾಂಜಾ ಒಂದು ಪ್ರಶ್ನೆ, ದೇಶ ಆಳುವವರು ಯಾರು ಅನ್ನೋದು ಇನ್ನೊಂದು ಪ್ರಶ್ನೆ.

ಹಿಂದೆ ಕೊಲೊರಾಡೋದಲ್ಲೂ ಇದೇ ಆಗಿತ್ತು. 2012ರಲ್ಲಿ ಅಲ್ಲಿ ಗಾಂಜಾ ತಿದ್ದುಪಡಿ ಶೇ. 55.3 ಮತ ಪಡೆದು ಗೆದ್ದಿತು. ಅದೇ ದಿನ ಆ ರಾಜ್ಯ ಗೆದ್ದ ಬರಾಕ್ ಒಬಾಮಾ ಅವರಿಗಿಂತ ಗಾಂಜಾಕ್ಕೇ ಜಾಸ್ತಿ ಮತ. ಅಲ್ಲಿನ ಡೆಮಾಕ್ರಟ್ ಗವರ್ನರ್ ಜಾನ್ ಹಿಕನ್‌ಲೂಪರ್ ಅದನ್ನು ವಿರೋಧಿಸಿದ್ದರು. ಜನ ಪಕ್ಷಗಳನ್ನು ಕೇಳಲೇ ಇಲ್ಲ, ದಾಟಿ ಹೋದರು. ಈಗ 24 ರಾಜ್ಯಗಳಲ್ಲಿ ವಯಸ್ಕರಿಗೆ ಗಾಂಜಾ ಕಾನೂನುಬದ್ಧ. ಅವುಗಳಲ್ಲಿ ಹಲವು ರಾಜ್ಯಗಳ ಬಾಗಿಲು ತೆರೆದಿದ್ದು ಹೀಗೆ ಜನರ ನೇರ ಮತದಿಂದ.

ಆ ಬಾಗಿಲೇ ಇಲ್ಲದ ರಾಜ್ಯಗಳ ಕಥೆ ಬೇರೆ. ಟೆಕ್ಸಸ್, ಜಾರ್ಜಿಯಾ, ವಿಸ್ಕಾನ್ಸಿನ್‌ನಲ್ಲಿ ಜನ ಸಹಿ ಸಂಗ್ರಹಿಸಿ ರಾಜ್ಯದ ಕಾನೂನನ್ನು ಮತಕ್ಕೆ ತರುವ ಹಾಗಿಲ್ಲ. ಏನೇ ಆಗಬೇಕಾದರೂ ಶಾಸಕರೇ ಮನಸ್ಸು ಮಾಡಬೇಕು. ವಿಸ್ಕಾನ್ಸಿನ್‌ನಲ್ಲಿ ಮಾರ್ಕ್ವೆಟ್ ವಿಶ್ವವಿದ್ಯಾಲಯದ ಲಾ ಸ್ಕೂಲ್ ನಡೆಸುವ ಸಮೀಕ್ಷೆಯಲ್ಲಿ ಬೆಂಬಲ ಶೇ. 60 ದಾಟಿದೆ. 2018ರಲ್ಲಿ ಹದಿನಾರು ಕೌಂಟಿಗಳು, ಅಂದರೆ ಜಿಲ್ಲೆಯಂಥ ಭಾಗಗಳು, ಜನರ ಅಭಿಪ್ರಾಯ ಕೇಳಿ ಮತ ಹಾಕಿಸಿದವು. ಎಲ್ಲ ಕಡೆ ಬೆಂಬಲ ಬಂತು. ಆದರೆ ಅದು ಸಲಹೆಯ ಮತ, ಯಾರನ್ನೂ ಕಟ್ಟಿಹಾಕುವುದಿಲ್ಲ. ಡೆಮಾಕ್ರಟ್ ಗವರ್ನರ್ ಟೋನಿ ಎವರ್ಸ್ ಬಜೆಟ್ ಮಂಡಿಸಿದಾಗ ಗಾಂಜಾವನ್ನು ಸೇರಿಸುತ್ತಾರೆ, ರಿಪಬ್ಲಿಕನ್ ಬಹುಮತದ ಸದನ ಅದನ್ನು ತೆಗೆದುಹಾಕುತ್ತದೆ.

ಈ ನಡುವೆ ಪಕ್ಕದ ಇಲಿನಾಯ್ 2020ರ ಜನವರಿ 1ರಿಂದ ಮಾರಾಟ ಶುರು ಮಾಡಿತು. ವಿಸ್ಕಾನ್ಸಿನ್ ಗಡಿ ದಾಟಿದ ತಕ್ಷಣ ಸೌತ್ ಬೆಲೋಯಿಟ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿ ಗಾಂಜಾ ಅಂಗಡಿ ಇದೆ. ವಿಸ್ಕಾನ್ಸಿನ್‌ನವರು ಕಾರು ತಿರುಗಿಸಿಕೊಂಡು ಅಲ್ಲಿಗೆ ಬರುತ್ತಾರೆ, ಕೊಳ್ಳುತ್ತಾರೆ, ಇಲಿನಾಯ್‌ಗೆ ತೆರಿಗೆ ಕಟ್ಟಿ ವಾಪಸ್ ಹೋಗುತ್ತಾರೆ. ಒಂದೇ ವರ್ಷದಲ್ಲಿ ಹೀಗೆ ವಿಸ್ಕಾನ್ಸಿನ್ ಜನ ಇಲಿನಾಯ್ ಬೊಕ್ಕಸಕ್ಕೆ ಕಟ್ಟಿದ್ದು ಸುಮಾರು 3.6 ಕೋಟಿ ಡಾಲರ್ ಎಂದು ವಿಸ್ಕಾನ್ಸಿನ್‌ನ ಸ್ವಂತ ಹಣಕಾಸು ಕಚೇರಿಯೇ ಲೆಕ್ಕ ಹಾಕಿದೆ. ಗಡಿಯಾಚೆ ಮಾಡಿದರೆ ವ್ಯಾಪಾರ, ಅದೇ ಪೊಟ್ಟಣ ಹಿಡಿದು ಗಡಿಯೀಚೆ ಬಂದರೆ ಅಪರಾಧ.

ಇಷ್ಟಾದರೂ ಅಲ್ಲಿನ ಶಾಸಕರು ಯಾಕೆ ಅಲುಗಾಡುವುದಿಲ್ಲ? ಶಾಸಕರ ಜಾಗದಲ್ಲಿ ನಿಂತು ಯೋಚಿಸಿ. ಕ್ಷೇತ್ರ ಪಕ್ಷದ ಭದ್ರಕೋಟೆ. ನವೆಂಬರ್‌ನಲ್ಲಿ ಎದುರಾಳಿಯಿಂದ ಭಯ ಇಲ್ಲ. ಭಯ ಇರೋದು ಆಗಸ್ಟ್‌ನ ಪಕ್ಷದೊಳಗಿನ ಚುನಾವಣೆಯಲ್ಲಿ, ಟಿಕೆಟ್ ತಪ್ಪಿಸಬಲ್ಲ ಮತದಾರರಿಂದ. ಆ ಚುನಾವಣೆಗೆ ಬರುವವರು ಕಡಿಮೆ. ಬರುವವರಲ್ಲಿ ವಯಸ್ಸಾದವರು, ಕಟ್ಟಾ ಪಕ್ಷನಿಷ್ಠರು ಜಾಸ್ತಿ. ಅವರಲ್ಲಿ ಗಾಂಜಾ ವಿರೋಧಿಗಳು ಈ ಒಂದೇ ಕಾರಣಕ್ಕೆ ಇವರನ್ನು ಮನೆಗೆ ಕಳಿಸಬಹುದು. ಗಾಂಜಾ ಬೇಕು ಅನ್ನುವ ಶೇ. 60 ಜನ ಈ ಒಂದೇ ಕಾರಣಕ್ಕೆ ಇವರನ್ನು ಉಳಿಸುವುದಿಲ್ಲ. ಲೆಕ್ಕ ಮುಗಿಯಿತು.

ಡೆಮಾಕ್ರಟರ ಲೆಕ್ಕವೂ ಇದರಷ್ಟೇ ತಣ್ಣಗಿದೆ. ಗಾಂಜಾ ಪರ ಇರುವ ಯುವಕರು ಹೇಗೂ ನಮ್ಮವರೇ ಅಂತ ಅವರು ತುಂಬಾ ವರ್ಷ ನಂಬಿದ್ದರು. ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ 2020ರ ಡಿಸೆಂಬರ್‌ನಲ್ಲಿ 228–164 ಮತದಿಂದ, ಮತ್ತೆ 2022ರ ಏಪ್ರಿಲ್‌ನಲ್ಲಿ 220–204 ಮತದಿಂದ ಗಾಂಜಾವನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯುವ ಮಸೂದೆ ಪಾಸು ಮಾಡಿದರು. ಎರಡೂ ಸಲ ಮೇಲ್ಮನೆಯಾದ ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲೇ ನೂರರಲ್ಲಿ ಅರವತ್ತು ಸದಸ್ಯರು ಬೇಕು. ಅರವತ್ತು ಸಿಗುವುದಿಲ್ಲ ಅಂತ ಗೊತ್ತಿದ್ದೂ ಕೆಳಮನೆಯಲ್ಲಿ ಪಾಸು ಮಾಡುವುದು ಮತದಾರರ ಮೂಗಿಗೆ ತುಪ್ಪ ಸವರುವ ಕೆಲಸ ಎಂದೇ ನನ್ನ ಅಭಿಪ್ರಾಯ. ಗಾಂಜಾ ಅಂಗಡಿಗಳಿಗೆ ಬ್ಯಾಂಕ್ ಖಾತೆ ಕೊಡುವ ಚಿಕ್ಕ ಮಸೂದೆಯೊಂದಿತ್ತು. ಅದಕ್ಕೆ ಎರಡೂ ಪಕ್ಷಗಳಲ್ಲಿ ಸ್ನೇಹಿತರಿದ್ದರು. ಕೆಳಮನೆ ಅದನ್ನು ಮತ್ತೆ ಮತ್ತೆ ಪಾಸು ಮಾಡಿದರೂ ಸೆನೆಟ್‌ನಲ್ಲಿ ಅದೂ ದಡ ಸೇರಲಿಲ್ಲ.

ಕೆನಡಾದಲ್ಲಿ ಹೀಗಾಗಲಿಲ್ಲ. 2015ರಲ್ಲಿ ಜಸ್ಟಿನ್ ಟ್ರೂಡೊ ಪ್ರಣಾಳಿಕೆಯಲ್ಲೇ ಗಾಂಜಾ ಇಟ್ಟು ಬಹುಮತ ಗೆದ್ದರು. 2018ರ ಅಕ್ಟೋಬರ್ 17ರಂದು ಅಂಗಡಿ ತೆರೆಯಿತು. ಅಲ್ಲಿ ಬಹುಮತ ಇದ್ದ ಪಕ್ಷ ಮನಸ್ಸು ಮಾಡಿದರೆ ಸಾಕಿತ್ತು.

ಜನ ಹೌದು ಅಂದಮೇಲೂ ಮನಸ್ಸು ಬದಲಾಯಿಸಬಹುದು. ಓಕ್ಲಹೋಮಾ ನೋಡಿ. 2018ರ ಜೂನ್‌ನಲ್ಲಿ ಔಷಧ ಗಾಂಜಾಕ್ಕೆ ಶೇ. 57ರಷ್ಟು ಜನ ಒಪ್ಪಿದರು. ಕಾನೂನು ತೀರಾ ಸಡಿಲವಾಗಿತ್ತು. ಎರಡು ಸಾವಿರಕ್ಕೂ ಹೆಚ್ಚು ಅಂಗಡಿ ತಲೆ ಎತ್ತಿದವು, ಕ್ಯಾಲಿಫೋರ್ನಿಯಾಕ್ಕಿಂತ ಜಾಸ್ತಿ. ಹಳ್ಳಿಗಳಲ್ಲಿ ಹೊರಗಿನವರು ಜಮೀನು ಹಿಡಿದು ತೋಟ ಮಾಡಿದರು. 2022ರ ನವೆಂಬರ್‌ನಲ್ಲಿ ಅಂಥ ಒಂದು ತೋಟದಲ್ಲಿ ನಾಲ್ವರ ಕೊಲೆ ಆಯಿತು. ನಾಲ್ಕು ತಿಂಗಳೊಳಗೆ, 2023ರ ಮಾರ್ಚ್ 7ಕ್ಕೆ, ಎಲ್ಲ ವಯಸ್ಕರಿಗೂ ಗಾಂಜಾ ಕೊಡುವ ಪ್ರಶ್ನೆ ಮತಕ್ಕೆ ಬಂತು. ಶೇ. 61.7 ಜನ ಬೇಡ ಅಂದರು.

ಅಲ್ಲಿ ದಿನಾಂಕಕ್ಕೂ ಪಾತ್ರ ಇದೆ. ಬೆಂಬಲಿಗರು ಕೇಳಿದ್ದು 2022ರ ನವೆಂಬರ್, ದೊಡ್ಡ ಚುನಾವಣೆಯ ದಿನ. ಸಹಿ ಪರಿಶೀಲನೆ ತಡವಾಯಿತು, ಕೋರ್ಟ್‌ನಲ್ಲೂ ಆ ದಿನ ಸಿಗಲಿಲ್ಲ. ಆಮೇಲೆ ಗವರ್ನರ್ ಕೆವಿನ್ ಸ್ಟಿಟ್ ಮಾರ್ಚ್‌ನ ಒಂದು ಮಂಗಳವಾರ ಗೊತ್ತು ಮಾಡಿದರು. ಆವತ್ತು ರಾಜ್ಯದ ಮತಪತ್ರದಲ್ಲಿ ಬೇರೇನೂ ಇಲ್ಲ. ಈ ಒಂದು ಪ್ರಶ್ನೆಗಾಗಿ ಕೆಲಸ ಬಿಟ್ಟು ಸಾಲಲ್ಲಿ ನಿಲ್ಲುವವರು ಯಾರು? ಬೇಡ ಅನ್ನೋದು ಯಾರಿಗೆ ಗಟ್ಟಿಯಾಗಿ ಅನಿಸಿದೆಯೋ ಅವರೇ. ಫೋನಲ್ಲಿ ಹೌದು ಅನ್ನುವುದಕ್ಕೂ ಚಳಿಗಾಲದ ಕೊನೆಯಲ್ಲಿ ಗಾಡಿ ತೆಗೆದು ಮತಗಟ್ಟೆಗೆ ಹೋಗುವುದಕ್ಕೂ ಇರುವ ಅಂತರ ಅವತ್ತು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿತ್ತು.

ಸೌತ್ ಡಕೋಟಾದ್ದು ಇನ್ನೂ ನೋವಿನ ಕಥೆ. 2020ರಲ್ಲಿ ಶೇ. 54.2 ಜನ ಒಪ್ಪಿದರು. ಗವರ್ನರ್ ಕ್ರಿಸ್ಟಿ ನೋಮ್ ಬೆಂಬಲದೊಂದಿಗೆ ಅದರ ಮೇಲೆ ಕೇಸು ಬಿತ್ತು. ಒಂದೇ ತಿದ್ದುಪಡಿಯಲ್ಲಿ ಒಂದಕ್ಕಿಂತ ಹೆಚ್ಚು ವಿಷಯ ತುಂಬಿದ್ದೀರಿ ಎಂದು 2021ರ ನವೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮತ್ತೆ 2022ರಲ್ಲಿ ಕೇಳಿದರು, ಶೇ. 47. ಮತ್ತೆ 2024ರಲ್ಲಿ, ಶೇ. 44.5. ಗೆದ್ದ ಮತವನ್ನೇ ಕಿತ್ತುಕೊಂಡರೆ ಜನಕ್ಕೆ ಸಾಕಪ್ಪಾ ಅನಿಸುವುದು ಸಹಜ.

ಇನ್ನು ಸಮೀಕ್ಷೆಯ ಗ್ರಾಫ್ ಸದಾ ಮೇಲೆಯೇ ಹೋಗುತ್ತದೆ ಅಂತ ನಂಬಿದವರಿಗೂ ಈಗ ಯೋಚನೆ ಶುರುವಾಗಿದೆ. ಗ್ಯಾಲಪ್‌ನಲ್ಲಿ 2023ರಲ್ಲಿ 70 ಇದ್ದದ್ದು 2024ರಲ್ಲಿ 68, 2025ರಲ್ಲಿ 64. ಇಳಿದಿದ್ದು ಮುಖ್ಯವಾಗಿ ಒಂದೇ ಕಡೆ. 2023ರಲ್ಲಿ ರಿಪಬ್ಲಿಕನ್ನರಲ್ಲಿ ಶೇ. 55 ಜನ ಹೌದು ಅಂದಿದ್ದರು, 2025ರಲ್ಲಿ 40. ಡೆಮಾಕ್ರಟರು ಮಾತ್ರ 85ರ ಹತ್ತಿರವೇ ಇದ್ದಾರೆ. ಪಕ್ಷ ಜನರನ್ನು ಹಿಂಬಾಲಿಸುತ್ತದೆ ಎಂದು ನಾವು ಓದಿಕೊಂಡಿದ್ದೇವೆ. ಕೆಲವು ಸಲ ಜನ ಪಕ್ಷವನ್ನು ಹಿಂಬಾಲಿಸುತ್ತಾರೆ, ಅದರಲ್ಲೂ ತಮಗೆ ಅಷ್ಟೇನೂ ಮುಖ್ಯವಲ್ಲದ ವಿಷಯದಲ್ಲಿ. ಬೆಂಬಲ ತೆಳುವಾಗಿದ್ದರೆ ಗಾಳಿ ಬೀಸಿದ ಕಡೆಗೆ ಹಾರುತ್ತದೆ.

ಹಾಗಾಗಿ ವಾಷಿಂಗ್ಟನ್‌ನಲ್ಲಿ ಕೂತವರು ಮೂರನೇ ದಾರಿ ಹಿಡಿದಿದ್ದಾರೆ. ಮಾದಕ ವಸ್ತುಗಳನ್ನು ಐದು ಪಟ್ಟಿ ಮಾಡಿದ 1970ರ ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆ ಎಲ್ಲಕ್ಕಿಂತ ಬಿಗಿಯಾದ ಒಂದನೇ ಪಟ್ಟಿಯಲ್ಲಿ ಇಟ್ಟಿತು. 2022ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆಗೆ ಒಂದು ತಿಂಗಳಿದ್ದಾಗ, ಜೋ ಬೈಡನ್ ಆ ಪಟ್ಟಿಯನ್ನು ಮರುಪರಿಶೀಲಿಸಿ ಅಂದರು. 2024ರ ಮೇನಲ್ಲಿ ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ ಬಂತು. 2025ರ ಡಿಸೆಂಬರ್ 18ರಂದು ಟ್ರಂಪ್ ಆ ಕೆಲಸವನ್ನು ಬೇಗ ಮುಗಿಸಿ ಎಂದು ಆದೇಶಕ್ಕೆ ಸಹಿ ಹಾಕಿದರು. ಎರಡು ಪಕ್ಷಗಳ ಇಬ್ಬರು ಅಧ್ಯಕ್ಷರು, ಒಂದೇ ದಾರಿ. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ. ಬೇಕು ಅನ್ನುವವರಿಗೆ ಏನೋ ಮಾಡಿದ್ದೇವೆ ಅನ್ನಬಹುದು, ಬೇಡ ಅನ್ನುವವರಿಗೆ ಕಾನೂನುಬದ್ಧ ಮಾಡಿಲ್ಲ ಅನ್ನಬಹುದು. ಲಾಭ ಯಾರಿಗೆ ಅಂದರೆ ಮೊದಲು ಅಂಗಡಿಯವರಿಗೆ. ಒಂದನೇ ಪಟ್ಟಿಯಲ್ಲಿರುವ ಮಾಲು ಮಾರುವವರು ಬಾಡಿಗೆ, ಸಂಬಳ ಯಾವುದನ್ನೂ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ. ಮೂರನೇ ಪಟ್ಟಿಗೆ ಬಂದರೆ ತೋರಿಸಬಹುದು.

ಈ ಕಥೆಯಲ್ಲಿ ನಮ್ಮವರು ಎಲ್ಲಿದ್ದಾರೆ ಅಂತ ಕೇಳಬಹುದು. ಇದ್ದಾರೆ. ಸಿಯಾಟಲ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ನ್ಯೂಜೆರ್ಸಿಯಲ್ಲಿ ಸಾವಿರಾರು ಕನ್ನಡದ ಮನೆಗಳಿವೆ. ಮೂರೂ ಕಡೆ ಗಾಂಜಾ ರಾಜ್ಯದ ಕಾನೂನಿನಲ್ಲಿ ಸರಿ. ನ್ಯೂಜೆರ್ಸಿಯಲ್ಲಿ 2020ರಲ್ಲಿ ಶೇ. 67 ಜನ ಒಪ್ಪಿದರು, 2022ರ ಏಪ್ರಿಲ್‌ನಿಂದ ಮಾರಾಟ ನಡೆದಿದೆ. ಅಲ್ಲಿರುವ ನನ್ನ ಗೆಳೆಯನ ಅಮ್ಮ ಊರಿಂದ ಹೋಗಿದ್ದಾಗ ಸಂಜೆ ವಾಕಿಂಗ್‌ನಲ್ಲಿ, "ಏನೋ ಇದು, ಹಸಿ ಸೊಪ್ಪು ಸುಟ್ಟ ವಾಸನೆ?" ಅಂತ ಕೇಳಿದರಂತೆ. ಇವನು ಸುಮ್ನೆ ಏನೋ ಹೇಳಿ ಮುಂದೆ ಕರೆದುಕೊಂಡು ಹೋದನಂತೆ. ಅದೇ ಗೆಳೆಯ ಒಂದು ಸಲ ರಾತ್ರಿ ಮೆಸೇಜ್ ಮಾಡಿದ್ದ. ಆಫೀಸಿನವರೆಲ್ಲ ಸೇರಿದ್ದ ಕಡೆ ಯಾರೋ ಗಾಂಜಾ ಹಾಕಿದ ಮಿಠಾಯಿ ಡಬ್ಬಿ ಮುಂದೆ ಹಿಡಿದಿದ್ದಾರೆ. ಅವರೆಲ್ಲ ಅಲ್ಲಿನ ಪ್ರಜೆಗಳು, ತಿಂದರು. ಇವನದು ಎಚ್-1ಬಿ ವೀಸಾ. ತಿಂದಿದ್ದರೆ ಏನಾಗುತ್ತಿತ್ತು ಅನ್ನೋದು ಅವನ ಪ್ರಶ್ನೆ.

ಉತ್ತರ ಖುಷಿ ಕೊಡುವಂಥದ್ದಲ್ಲ. ವಲಸೆ ಕಾನೂನು ಒಕ್ಕೂಟದ್ದು, ಅಂದರೆ ಇಡೀ ದೇಶದ ಸರ್ಕಾರದ್ದು. ರಾಜ್ಯ ಏನೇ ಅಂದಿರಲಿ, ಅದರ ಕಣ್ಣಿಗೆ ಗಾಂಜಾ ಇವತ್ತಿಗೂ ನಿಷೇಧಿತ ವಸ್ತು. ಕೋರ್ಟು ಶಿಕ್ಷೆ ಕೊಟ್ಟಿರಲೇಬೇಕು ಅಂತಿಲ್ಲ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಿದಾಗ ಹೌದು, ಬಳಸಿದ್ದೇನೆ ಎಂದು ವಿವರವಾಗಿ ಒಪ್ಪಿಕೊಂಡರೂ ಒಳಗೆ ಬಿಡದೇ ಇರಬಹುದು. ಪೌರತ್ವಕ್ಕೆ ಅರ್ಜಿ ಹಾಕುವ ಗ್ರೀನ್ ಕಾರ್ಡ್‌ದಾರರಿಗೂ ತೊಂದರೆ ಇದೆ. ಗಾಂಜಾ ಬಳಸಿದರೆ ಅಥವಾ ರಾಜ್ಯ ಲೈಸೆನ್ಸ್ ಕೊಟ್ಟ ಗಾಂಜಾ ಅಂಗಡಿಯಲ್ಲೇ ಕೆಲಸ ಮಾಡಿದರೂ ಅದು ಒಳ್ಳೆಯ ನಡತೆಗೆ ಅಡ್ಡ ಬರಬಹುದು ಎಂದು ಪೌರತ್ವ ಇಲಾಖೆ 2019ರ ಏಪ್ರಿಲ್‌ನಲ್ಲಿ ಲಿಖಿತವಾಗಿ ಹೇಳಿದೆ. ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವರಿಗೂ, ಸಾಫ್ಟ್‌ವೇರ್ ಬರೆಯುವವರಿಗೂ ಇದರ ಬಿಸಿ ತಾಗಬಹುದೇ ಎಂಬ ಭಯದಲ್ಲಿ ವಕೀಲರನ್ನು ಕೇಳುವ ಪರಿಸ್ಥಿತಿ ಇದೆ.

ಒಂದನೇ ಪಟ್ಟಿಯಿಂದ ಮೂರನೇ ಪಟ್ಟಿಗೆ ಇಳಿದರೂ ಇದು ಬದಲಾಗುವುದಿಲ್ಲ. ವಲಸೆ ಕಾನೂನು ಪಟ್ಟಿಯ ನಂಬರ್ ನೋಡುವುದಿಲ್ಲ, ಐದು ಪಟ್ಟಿಗಳಲ್ಲಿ ಯಾವುದರಲ್ಲಿದ್ದರೂ ಅದು ನಿಯಂತ್ರಿತ ವಸ್ತುವೇ. ಇದನ್ನು ಬದಲಾಯಿಸುವ ಅಧಿಕಾರ ಇರೋದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ. ಈ ತೊಂದರೆ ಅನುಭವಿಸುವವರಿಗೆ ಅಲ್ಲಿ ಮತವೇ ಇಲ್ಲ. ಗೆಳೆಯ ಆ ರಾತ್ರಿ ಡಬ್ಬಿಯನ್ನು ಮುಟ್ಟದೆ ಪಕ್ಕದವನ ಕೈಗೆ ದಾಟಿಸಿದ್ದನಂತೆ. ಒಳ್ಳೆಯದು ಮಾಡಿದೆ ಅಂತ ಬರೆದೆ.